ಮುದ್ದೆ ಮುಚ್ಚಿಟ್ಟು ಫಾಂಡ್ಯೂ ಬಡಿಸುವವರಿಗೆ

ರಾಜ್ಯೋತ್ಸವದ ಸಹಭೋಜನಕ್ಕೆ ಏನೇನು ಅಡುಗೆ ಮಾಡಿಸಬೇಕೆಂದು ನಿರ್ಧರಿಸಲು ನಮ್ಮ ಸಂಘದ ಕೆಲವರು ಕಳೆದ ತಿಂಗಳು ಸೇರಿದ್ದೆವು. ಅಂಬಲಮುಗಳಿನಿಂದ ತೃಪ್ಪೂಣಿತ್ತುರ ದಾಟಿ, ಮಳೆಯಲ್ಲಿ ನೆನೆದುಕೊಂಡು ಎರ್ನಾಕುಲಕ್ಕೆ ಹೋಗಿ ಆ ಸಭೆಯಲ್ಲಿ ಕುಳಿತವರಲ್ಲಿ ನಾನೂ ಒಬ್ಬ. ಸಭೆಯ ಮುಂದೆ ಎರಡು ಸಲಹೆಗಳು ಬಂದವು.

ಮೊದಲನೆಯದು, ಇತ್ತೀಚೆಗೆ ಸ್ವಿಟ್ಜರ್ಲೆಂಡ್ ಪ್ರವಾಸ ಮುಗಿಸಿ ಬಂದ ಹಿರಿಯ ಸದಸ್ಯರೊಬ್ಬರದು. ಪ್ರತಿ ವರ್ಷ ಅದೇ ಬಿಸಿಬೇಳೆ ಭಾತು, ಅದೇ ಪುಳಿಯೋಗರೆ ಏಕೆ? ಈ ಸಲ ಸ್ವಿಸ್ ತಿನಿಸುಗಳ ಒಂದು ಮೇಜು ಇಡೋಣ, ಮಕ್ಕಳು ಖುಷಿ ಪಡುತ್ತಾರೆ, ಸಂಘಕ್ಕೂ ಒಂದು ಅಂತಸ್ತು ಬರುತ್ತದೆ ಎಂದರು. ಜೇಬಿನಿಂದ ಪಟ್ಟಿಯನ್ನೂ ತೆಗೆದರು: ಫಾಂಡ್ಯೂ, ರಾಕ್ಲೆಟ್, ರೋಷ್ಟಿ, ಮ್ಯೂಸ್ಲಿ, ಚಾಕೊಲೇಟ್. ಚಪ್ಪಾಳೆ ಬಿತ್ತು. ಎರಡನೆಯ ಸಲಹೆ ನನ್ನದು. ಒಂದು ಪಂಕ್ತಿಗೆ ರಾಗಿ ಮುದ್ದೆ-ಬಸ್ಸಾರು, ಇನ್ನೊಂದಕ್ಕೆ ಜೋಳದ ರೊಟ್ಟಿ-ಎಣ್ಣೆಗಾಯಿ ಇಡೋಣವೆಂದೆ. "ಅತಿಥಿಗಳು ಬರುತ್ತಾರೆ ಸ್ವಾಮಿ, ಅದೆಲ್ಲ ಮನೆಯಲ್ಲಿ ಚೆನ್ನ" ಎಂದು ಒಬ್ಬರೆಂದರು. ಎಲ್ಲರೂ ನಕ್ಕರು. ಮರ್ಯಾದೆಗೆ ನಾನೂ ನಕ್ಕೆ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಆ ನಗೆಯನ್ನು ನಾನು ಮನೆಗೆ ಬಂದ ಮೇಲೂ ಮರೆಯಲಿಲ್ಲ. ಅಲ್ಲಿ ಹೇಳಬೇಕಾಗಿದ್ದ ಮಾತನ್ನು ಸಂಪಾದಕರ ಅನುಮತಿಯಿಂದ ಇಲ್ಲಿ ಹೇಳುತ್ತಿದ್ದೇನೆ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಸ್ವಿಸ್ ಅಡುಗೆಯ ಮೇಲೆ ನನಗೆ ಕಿಂಚಿತ್ತೂ ದ್ವೇಷವಿಲ್ಲ. ರುಚಿ ನೋಡತಕ್ಕ ಅಡುಗೆಯೇ ಅದು, ಧಾರಾಳವಾಗಿ ನೋಡೋಣ. ಆದರೆ ಆ ಪಟ್ಟಿಯನ್ನು ತಂದವರೂ ಅದಕ್ಕೆ ಚಪ್ಪಾಳೆ ತಟ್ಟಿದವರೂ ಅದನ್ನು ಸರಿಯಾಗಿ ಓದಿಲ್ಲವೆಂಬುದು ನನ್ನ ಆಕ್ಷೇಪ. ಓದಿದ್ದರೆ, ಅದನ್ನು ಹಿಡಿದುಕೊಂಡೇ ಮುದ್ದೆಯನ್ನು ನಗೆಯಾಡಲು ಅವರಿಗೆ ನಾಲಗೆ ಏಳುತ್ತಿರಲಿಲ್ಲ.

ರೋಷ್ಟಿಯಿಂದಲೇ ಆರಂಭಿಸೋಣ. ಕಿವಿಗೆ ನಮ್ಮ ರೊಟ್ಟಿಯ ನೆಂಟನಂತೆ ಕೇಳಿಸುವ ಈ ತಿನಿಸು ಬೆರ್ನ್ ಪ್ರಾಂತದ ರೈತರ ಬೆಳಗಿನ ಊಟ. ಅದಕ್ಕೂ ಮುಂಚೆ ಅವರು ಬೆಳಿಗ್ಗೆ ಕುಡಿಯುತ್ತಿದ್ದದ್ದು ಧಾನ್ಯದ ಗಂಜಿ. 1770-71ರಲ್ಲಿ ಆ ನಾಡಿಗೆ ಘೋರ ಬರ ಬಂದಾಗ ಆಲೂಗಡ್ಡೆ ಜನರ ಜೀವ ಹಿಡಿದಿಟ್ಟಿತು. ಅಲ್ಲಿಂದ ಮುಂದೆ ಬಡವರ ಹೊಲದಲ್ಲಿ ಅದು ನೆಲೆಯೂರಿತು. ಹಿಂದಿನ ದಿನ ಸಿಪ್ಪೆಸಹಿತ ಬೇಯಿಸಿ ಆರಿಸಿಟ್ಟ ಆಲೂಗಡ್ಡೆಯನ್ನು ಮರುದಿನ ಒರಟಾಗಿ ತುರಿದು, ಉಪ್ಪು ಬೆರೆಸಿ, ಕಬ್ಬಿಣದ ಬಾಣಲೆಯಲ್ಲಿ ಬೆಣ್ಣೆ ಹಾಕಿ ಒತ್ತಿ, ಸಣ್ಣ ಉರಿಯಲ್ಲಿ ಕೆಂಪಗೆ ಬೇಯಿಸುತ್ತಾರೆ. ತಟ್ಟೆ ಮುಚ್ಚಿ ಮಗುಚಿ ಇನ್ನೊಂದು ಮಗ್ಗುಲನ್ನೂ ಬೇಯಿಸಿದರೆ ರೋಷ್ಟಿ ಸಿದ್ಧ. ನಮ್ಮ ಅಕ್ಕಿರೊಟ್ಟಿ ತಟ್ಟಬಲ್ಲ ಯಾವ ಗೃಹಿಣಿಗೂ ಇದು ಎಡಗೈ ಕೆಲಸ. ರಾತ್ರಿ ಉಳಿದದ್ದನ್ನು ಬೆಳಿಗ್ಗೆ ತಿಂದು ಕೆಲಸಕ್ಕೆ ಹೋಗುವವರ ತಿಂಡಿ ಅದು. ನಮ್ಮಲ್ಲಿ ತಂಗಳು ಎನ್ನುತ್ತೇವಲ್ಲ, ಅದೇ ಜಾತಿಯದು.

ಪೊಲೆಂಟಾ ನಮ್ಮ ಹಿರಿಯರ ಪಟ್ಟಿಯಲ್ಲಿ ಇರಲಿಲ್ಲ, ಇರಬೇಕಾಗಿತ್ತು. ಇಟಾಲಿಯನ್ ಮಾತನಾಡುವ ಟಿಚಿನೋ ಪ್ರಾಂತದ ಊಟ ಇದು. ತಾಮ್ರದ ಕಡಾಯಿಯಲ್ಲಿ ನೀರು ಕುದಿಸಿ, ಮೆಕ್ಕೆಜೋಳದ ಹಿಟ್ಟನ್ನು ಸುರಿದು, ಮರದ ಕೋಲಿನಿಂದ ಮುಕ್ಕಾಲು ಗಂಟೆ ಬಿಡದೆ ತಿರುವಬೇಕು. ಗಟ್ಟಿಯಾದ ಮೇಲೆ ಹಲಗೆಯ ಮೇಲೆ ಸುರಿದು ದಾರದಿಂದ ಕತ್ತರಿಸಿ ಹಂಚಿಕೊಳ್ಳುವುದು ಹಳೆಯ ಪದ್ಧತಿ. ಎಸರು ಕುದಿಸಿ, ಹಿಟ್ಟು ಹಾಕಿ, ಕೋಲಿನಿಂದ ತೊಳಸಿ, ಮುದ್ದೆ ಕಟ್ಟುವ ಮಂಡ್ಯದ ಹೆಂಗಸನ್ನು ಕರೆದೊಯ್ದು ಆ ಒಲೆಯ ಮುಂದೆ ನಿಲ್ಲಿಸಿದರೆ ಆಕೆ ಯಾರನ್ನೂ ಏನನ್ನೂ ಕೇಳದೆ ಕೋಲು ಕೈಗೆತ್ತಿಕೊಳ್ಳುತ್ತಾಳೆ.

ಬೇಸಿಗೆಯಲ್ಲಿ ದನಗಳೊಂದಿಗೆ ಆಲ್ಪ್ಸ್ ಬೆಟ್ಟ ಹತ್ತಿ, ಅಲ್ಲಿಯೇ ತಿಂಗಳುಗಟ್ಟಲೆ ಉಳಿಯುವ ದನಗಾಹಿಗಳ ಊಟದ ಹೆಸರು ಆಲ್ಪ್ಲರ್ ಮಗ್ರೋನೆನ್. ಹೊತ್ತೊಯ್ಯಲು ಹಗುರವಾದ, ಕೆಡದ ಒಣ ಮಕರೋನಿ, ಚೀಲದಲ್ಲಿದ್ದ ಆಲೂಗಡ್ಡೆ, ಅಲ್ಲಿಯೇ ಕರೆದ ಹಾಲಿನ ಕೆನೆ ಮತ್ತು ಚೀಸ್, ಮೇಲೆ ಹುರಿದ ಈರುಳ್ಳಿ. ನಂಚಿಕೊಳ್ಳಲು ಬೇಯಿಸಿದ ಸೇಬಿನ ಗೊಜ್ಜು. ವಲೇ ಪ್ರಾಂತದ ರಾಕ್ಲೆಟ್ ಕೂಡ ಇದೇ ಬಗೆಯದು. ಚೀಸಿನ ದೊಡ್ಡ ಗುಂಡನ್ನು ಅರ್ಧಕ್ಕೆ ಕೊಯ್ದು ಬೆಂಕಿಯ ಮುಂದಿಟ್ಟು, ಕರಗಿದಷ್ಟನ್ನು ಕೆರೆದು ಬೆಂದ ಆಲೂಗಡ್ಡೆಯ ಮೇಲೆ ಹಾಕಿಕೊಳ್ಳುವುದು. ರಾಕ್ಲೆಟ್ ಎಂಬ ಹೆಸರು ಬಂದದ್ದೇ 'ಕೆರೆ' ಎಂಬರ್ಥದ ಫ್ರೆಂಚ್ ಮಾತಿನಿಂದ.

ಮ್ಯೂಸ್ಲಿಯ ಕಥೆಯನ್ನು ಕೇಳಿ. ಇಂದು ಸೂಪರ್ ಮಾರ್ಕೆಟ್ಟಿನಲ್ಲಿ ಬಣ್ಣದ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಸಿಗುವ ಈ ತಿಂಡಿಯನ್ನು ಸುಮಾರು 1900ರಲ್ಲಿ ಬಳಕೆಗೆ ತಂದವರು ಜ್ಯೂರಿಕ್ ನಗರದ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಶರ್-ಬೆನ್ನರ್. ಬೆಟ್ಟ ಹತ್ತುವಾಗ ದನಗಾಹಿಯ ಮನೆಯಲ್ಲಿ ಕೊಟ್ಟ ಊಟವೇ ಇದಕ್ಕೆ ಪ್ರೇರಣೆಯೆಂದು ಹೇಳುತ್ತಾರೆ. ವೈದ್ಯರ ಮೂಲ ಕ್ರಮ ಬಹಳ ಸರಳ: ಒಂದು ಚಮಚ ಓಟ್ಸನ್ನು ಮೂರು ಚಮಚ ನೀರಿನಲ್ಲಿ ರಾತ್ರಿ ನೆನೆಹಾಕಬೇಕು, ಬೆಳಿಗ್ಗೆ ಒಂದು ಚಮಚ ನಿಂಬೆರಸ, ಒಂದು ಚಮಚ ಗಟ್ಟಿ ಹಾಲು, ಸಿಪ್ಪೆಸಹಿತ ತುರಿದ ಒಂದು ದೊಡ್ಡ ಸೇಬು, ಒಂದು ಚಮಚ ಬಾದಾಮಿ ಪುಡಿ ಬೆರೆಸಿ ಕೂಡಲೇ ತಿನ್ನಬೇಕು. ಬಡವನ ಊಟವನ್ನು ವೈದ್ಯರು ಶ್ರೀಮಂತ ರೋಗಿಗಳಿಗೆ ಔಷಧಿಯಾಗಿ ತಿನ್ನಿಸಿದರು. ಅಲ್ಲಿ ಹಿತ್ತಲ ಗಿಡ ಮದ್ದಾಯಿತು.

ಇನ್ನು ಬಾಸೆಲ್ ನಗರದ ಹಿಟ್ಟಿನ ಸಾರು. ಗೋಧಿ ಹಿಟ್ಟನ್ನು ಕಂದು ಬಣ್ಣ ಬರುವವರೆಗೆ ಹುರಿದು, ಈರುಳ್ಳಿಯೊಡನೆ ಕುದಿಸಿ, ಮೇಲೆ ಚೂರು ಚೀಸ್ ತುರಿದು ಕುಡಿಯುತ್ತಾರೆ. ಆ ಊರಿನ ದೊಡ್ಡ ಜಾತ್ರೆ ಫಾಸ್‌ನಾಖ್ಟ್. ಅದರ ಮೊದಲ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಬೀದಿ ದೀಪಗಳನ್ನೆಲ್ಲ ಆರಿಸಿ, ಕಂದೀಲು ಹಿಡಿದು, ಕೊಳಲು ತಮಟೆಗಳೊಡನೆ ಮೆರವಣಿಗೆ ಹೊರಡುತ್ತಾರೆ. ಚಳಿಯಲ್ಲಿ ನಡುಗುತ್ತ ಬಂದ ಆ ಜನ, ಅವರಲ್ಲಿ ಬ್ಯಾಂಕಿನ ಧಣಿಗಳೂ ಇರುತ್ತಾರೆ, ಕುಡಿಯುವುದು ಈ ಹಿಟ್ಟಿನ ಸಾರನ್ನೇ. ಊರಿನ ಹಬ್ಬದ ದಿನ ಊರಿನ ಬಡವರ ಸಾರು. ನಮ್ಮ ಸಭೆಯಲ್ಲಿ ನಕ್ಕವರು ಇದನ್ನೊಮ್ಮೆ ಯೋಚಿಸಬೇಕು.

ಬಾಸೆಲ್ ಹೆಸರು ಕನ್ನಡಿಗರಿಗೂ ಮಲಯಾಳಿಗಳಿಗೂ ಹೊಸದಲ್ಲ. ಅಲ್ಲಿಂದ ಹೊರಟ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮಿಷನ್ನಿನ ಬಹಳ ಮಂದಿ ಜರ್ಮನರೇ ಆದರೂ ಅದರ ಮನೆ ಸ್ವಿಸ್ ನಗರವಾದ ಬಾಸೆಲ್. ಗುಂಡರ್ಟರ ಮಲಯಾಳಂ ನಿಘಂಟು 1872ರಲ್ಲಿ, ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂದವು. ಕಿಟೆಲ್ ಮಹಾಶಯರು ಹಳಗನ್ನಡ ಕಾವ್ಯದ ಮಾತುಗಳನ್ನಷ್ಟೇ ಆಯ್ದುಕೊಂಡು, ಹಳ್ಳಿಯವನ ಮಾತನ್ನು "ಅದೆಲ್ಲ ಮನೆಯಲ್ಲಿ ಚೆನ್ನ" ಎಂದು ಬಿಟ್ಟುಬಿಡಲಿಲ್ಲ. ಆಡುಮಾತು, ಗಾದೆ ಎಲ್ಲಕ್ಕೂ ತಮ್ಮ ನಿಘಂಟಿನಲ್ಲಿ ಜಾಗ ಕೊಟ್ಟರು. ಪರದೇಶದವರು ನಮ್ಮ ಮಾತಿಗೆ ತೋರಿದ ಆ ಗೌರವವನ್ನು ನಾವು ನಮ್ಮ ಊಟಕ್ಕೆ ತೋರಲಾರೆವೇ?

ಈಗ ಪಟ್ಟಿಯ ತಲೆಯ ಮೇಲೆ ಕುಳಿತಿದ್ದ ಫಾಂಡ್ಯೂಗೆ ಬರುತ್ತೇನೆ. ಬೆಳ್ಳುಳ್ಳಿ ಉಜ್ಜಿದ ಮಣ್ಣಿನ ಅಥವಾ ಬೀಡಿನ ಪಾತ್ರೆಯಲ್ಲಿ ಬಿಳಿ ದ್ರಾಕ್ಷಾಮದ್ಯ ಕಾಯಿಸಿ, ಗ್ರುಯೇರ್ ಮೊದಲಾದ ಚೀಸನ್ನು ಕರಗಿಸಿ, ಉದ್ದನೆಯ ಕಡ್ಡಿಗೆ ಬ್ರೆಡ್ಡಿನ ತುಂಡು ಚುಚ್ಚಿ ಅದ್ದಿ ತಿನ್ನುವ ಇದನ್ನು ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಭಕ್ಷ್ಯವೆನ್ನುತ್ತಾರೆ. ಆದರೆ ಫ್ರೆಂಚ್ ಮಾತನಾಡುವ ಪಶ್ಚಿಮ ಭಾಗದ ಈ ಊಟ ಇಡೀ ದೇಶದ್ದಾದದ್ದು ತೀರ ಈಚೆಗೆ. 1914ರಲ್ಲಿ ಸ್ಥಾಪನೆಯಾಗಿ 1999ರವರೆಗೆ ನಡೆದ ಸ್ವಿಸ್ ಚೀಸ್ ಯೂನಿಯನ್ ಎಂಬ ಸಂಸ್ಥೆ, ಮಾರಾಟವಾಗದೆ ಉಳಿಯುತ್ತಿದ್ದ ಚೀಸನ್ನು ಖರ್ಚು ಮಾಡಿಸಲು 1930ರ ದಶಕದಿಂದ ಫಾಂಡ್ಯೂವನ್ನು ಮನೆಮನೆಗೂ ಪ್ರಚಾರ ಮಾಡಿತು. ಮುಂದೆ ಸೈನ್ಯದ ಅಡುಗೆ ಪುಸ್ತಕದಲ್ಲೂ ಅದಕ್ಕೆ ಸ್ಥಾನ ಸಿಕ್ಕಿತು. ಸೈನ್ಯದಲ್ಲಿ ತಿಂದು ಬಂದ ಗಂಡಸರು ಮನೆಯಲ್ಲೂ ಅದನ್ನೇ ಕೇಳಿದರು.

ಇದರಲ್ಲಿ ವ್ಯಾಪಾರವಿದೆ, ನಿಜ. ಆದರೆ ಸಂಘ ಸಂಸ್ಥೆಗಳನ್ನು ನಡೆಸುವವರಿಗೆ ಇದರಲ್ಲೊಂದು ಪಾಠವೂ ಇದೆ. ಒಂದು ಊಟಕ್ಕೆ ಮರ್ಯಾದೆ ತಾನಾಗಿ ಬರುವುದಿಲ್ಲ. ನಾಲ್ಕು ಜನ ಸೇರಿ, ಇದು ನಮ್ಮದು ಎಂದು ಅತಿಥಿಯ ಮುಂದೆ ಇಡಬೇಕು. ಅಲ್ಲಿ ಆ ನಾಲ್ವರು ಇದ್ದರು. ಇಲ್ಲಿ ಆ ನಾಲ್ವರೇ ನಕ್ಕರು.

ಸ್ವಿಟ್ಜರ್ಲೆಂಡಿನಲ್ಲಿ ರಾಷ್ಟ್ರಭಾಷೆಗಳು ನಾಲ್ಕು, ಕ್ಯಾಂಟನ್ ಎಂಬ ಪ್ರಾಂತಗಳು 26. ಜರ್ಮನ್ ಮತ್ತು ಫ್ರೆಂಚ್ ಮಾತನಾಡುವವರ ನಡುವಣ ಭೇದಕ್ಕೆ ಅವರು ಇಟ್ಟ ಹೆಸರೇ 'ರೋಷ್ಟಿ ಕಂದಕ'. ದೇಶದ ಮತದಾನದಲ್ಲಿ ಎರಡೂ ಕಡೆಯವರು ಬೇರೆ ಬೇರೆಯಾಗಿ ನಿಂತಾಗ ಪತ್ರಿಕೆಗಳು ಈ ಮಾತನ್ನೇ ಬಳಸುತ್ತವೆ. ಹೀಗಿದ್ದೂ ಎಲ್ಲರ ಊಟವನ್ನೂ ಒಂದೇ ಪಾತ್ರೆಗೆ ಸುರಿದು 'ಸ್ವಿಸ್ ಊಟ' ಮಾಡಲು ಅವರು ಹೊರಡಲಿಲ್ಲ. ಬಾಸೆಲಿನದು ಬಾಸೆಲಿನ ಹೆಸರಿನಲ್ಲಿ, ಟಿಚಿನೋದ್ದು ಟಿಚಿನೋದ ಹೆಸರಿನಲ್ಲಿ ಉಳಿಯಿತು. ಈ ಶತಮಾನದ ಮೊದಲ ದಶಕದಲ್ಲಿ ದೇಶದ ಸುಮಾರು 400 ಸಾಂಪ್ರದಾಯಿಕ ತಿನಿಸುಗಳನ್ನು ಊರು, ಚರಿತ್ರೆ, ಮಾಡುವ ಕ್ರಮಗಳ ಸಮೇತ ದಾಖಲೆ ಮಾಡಿಟ್ಟರು. ಅದರಲ್ಲಿ ಚೀಸಿಗೂ ಸ್ಥಾನವಿದೆ, ಬಡವರ ಬ್ರೆಡ್ಡಿಗೂ ಸ್ಥಾನವಿದೆ.

ಈಗ ನಮ್ಮ ಸಂಘದ ಪಟ್ಟಿಯನ್ನು ಬಿಚ್ಚಿ ನೋಡಿ. ಬಿಸಿಬೇಳೆ ಭಾತು, ಪುಳಿಯೋಗರೆ, ವಾಂಗಿಭಾತು, ಚಿರೋಟಿ, ಹೋಳಿಗೆ. ಎಲ್ಲವೂ ರುಚಿಕರವೇ, ನಾನೂ ಎರಡು ಸಲ ಹಾಕಿಸಿಕೊಳ್ಳುತ್ತೇನೆ. ಆದರೆ ಇವಿಷ್ಟೇ ಕರ್ನಾಟಕವೇ? ರಾಗಿಯನ್ನು ದೇಶದಲ್ಲಿಯೇ ಹೆಚ್ಚು ಬೆಳೆಯುವ ರಾಜ್ಯ ಕರ್ನಾಟಕ. ಆ ರಾಜ್ಯದ ಹೆಸರಿನಲ್ಲಿ ನಡೆಯುವ ಉತ್ಸವದ ಎಲೆಯ ಮೇಲೆ ಒಂದು ಕಾಳು ರಾಗಿಯಿಲ್ಲ. ಕಲಬುರ್ಗಿ, ವಿಜಯಪುರಗಳ ಖಡಕ್ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಎಲ್ಲಿ? ಮಲೆನಾಡಿನ ಕಡುಬು, ಕೊಡಗಿನ ಕಡಂಬುಟ್ಟು, ಕರಾವಳಿಯ ನೀರುದೋಸೆ, ಕುಚ್ಚಲಕ್ಕಿ ಗಂಜಿ ಎಲ್ಲಿ? 1956ರಿಂದ ಇದೇ ಕೇರಳದಲ್ಲಿರುವ ಕಾಸರಗೋಡಿನ ಕನ್ನಡಿಗರ ಗುಜ್ಜೆ ಪಲ್ಯ, ಹಲಸಿನ ಹಪ್ಪಳ ಎಲ್ಲಿ? ಕನ್ನಡಿಗರೆಲ್ಲರ ಸಂಘವೆಂದು ಚಂದಾ ಎತ್ತುತ್ತೇವೆ, ಕೆಲವರ ಮನೆಯ ಊಟವನ್ನಷ್ಟೇ ಕನ್ನಡಿಗರ ಊಟವೆಂದು ಬಡಿಸುತ್ತೇವೆ. ಉಳಿದವರು ತಮ್ಮ ಊಟವನ್ನು ಮನೆಯಲ್ಲಿ ಬಿಟ್ಟು ಬರಬೇಕು. ಊಟವನ್ನು ಬಿಟ್ಟು ಬಂದವನು ಕ್ರಮೇಣ ತಾನೂ ಬರುವುದನ್ನು ಬಿಡುತ್ತಾನೆ. ಸದಸ್ಯರ ಸಂಖ್ಯೆ ಏಕೆ ಇಳಿಯುತ್ತಿದೆಯೆಂದು ಪ್ರತಿ ವಾರ್ಷಿಕ ಸಭೆಯಲ್ಲೂ ತಲೆ ಕೆರೆದುಕೊಳ್ಳುವವರು ಅಡುಗೆಮನೆಯ ಕಡೆಗೂ ಒಮ್ಮೆ ನೋಡಬೇಕು.

ಮಡಿ ಮೈಲಿಗೆಯ ಮಾತನ್ನು ಎತ್ತುವವರಿಗೂ ಒಂದು ವಿಷಯ ತಿಳಿಸುವುದು ನನ್ನ ಕರ್ತವ್ಯ. ಹಿಂದಿನ ವರ್ಷ ಬೇರೆ ಮೂಲೆಯಲ್ಲಿ ಮೊಟ್ಟೆ ಸಾರು ಇಡೋಣವೆಂದು ಯುವಕರು ಕೇಳಿದಾಗ, ಸಂಘದ ಸಂಪ್ರದಾಯ ಕೆಡುತ್ತದೆಂದು ತಳ್ಳಿಹಾಕಿದರು. ಅದೇ ಮಹನೀಯರು ಈಗ ಫಾಂಡ್ಯೂಗೆ ಕೈ ಎತ್ತಿದ್ದಾರೆ. ಸಾಂಪ್ರದಾಯಿಕ ಗ್ರುಯೇರ್ ಚೀಸಿಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದು. ಪಾತ್ರೆಯಲ್ಲಿ ಕುದಿಯುವುದು ದ್ರಾಕ್ಷಾಮದ್ಯ. ತಿನ್ನುವವರು ತಿನ್ನಲಿ, ನನ್ನ ಅಡ್ಡಿಯಿಲ್ಲ. ಆದರೆ ವಿಮಾನದಲ್ಲಿ ಬಂದದ್ದಕ್ಕೆ ಮೈಲಿಗೆಯಿಲ್ಲ, ರೈಲಿನಲ್ಲಿ ಬಂದದ್ದಕ್ಕೆ ಮಾತ್ರ ಮೈಲಿಗೆ ಎಂಬುದು ಯಾವ ಶಾಸ್ತ್ರ?

ನಾವು ಬಾಳುತ್ತಿರುವ ಈ ಕೇರಳವನ್ನೇ ನೋಡಿ ಕಲಿಯಬಹುದು. ಮರಗೆಣಸು, ಇಲ್ಲಿಯವರ ಕಪ್ಪ, ತಿರುವಾಂಕೂರಿನಲ್ಲಿ ಬಡವರ ಹೊಟ್ಟೆ ತುಂಬಿಸಲೆಂದು 1880ರ ದಶಕದಲ್ಲಿ ವಿಶಾಖಂ ತಿರುನಾಳ್ ಮಹಾರಾಜರು ಉತ್ತೇಜಿಸಿದ ಬೆಳೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಕ್ಕಿ ಬರುವುದು ನಿಂತಾಗ ಲಕ್ಷಾಂತರ ಜನರ ಪ್ರಾಣ ಉಳಿಸಿದ್ದೂ ಅದೇ. ಇಂದು ಕೊಚ್ಚಿಯ ದೊಡ್ಡ ಹೋಟೆಲುಗಳಲ್ಲಿ ಕಪ್ಪ ಮತ್ತು ಮೀನು ಸಾರನ್ನು ವಿದೇಶೀಯರಿಗೆ ಮೊದಲು ಬಡಿಸುತ್ತಾರೆ. ಗಂಜಿ-ಪಯರನ್ನು ಮಣ್ಣಿನ ಚಟ್ಟಿಯಲ್ಲಿ, ಹಲಸಿನೆಲೆಯ ಚಮಚದೊಂದಿಗೆ ಇಡುತ್ತಾರೆ. ಮಲಯಾಳಿ ತನ್ನ ಬರಗಾಲದ ಊಟವನ್ನು ಮುಚ್ಚಿಡಲಿಲ್ಲ. ನವೆಂಬರ್ 1 ನಮಗೆ ರಾಜ್ಯೋತ್ಸವ, ಅವರಿಗೆ ಕೇರಳಪ್ಪಿರವಿ. ಒಂದೇ ದಿನ ಎರಡು ಹಬ್ಬ. ಅವರ ಎಲೆಯಲ್ಲಿ ಅವರ ನೆಲ ಇರುತ್ತದೆ, ನಮ್ಮ ಎಲೆಯಲ್ಲಿ ಆಲ್ಪ್ಸ್ ಪರ್ವತ ಬರಲಿದೆ!

ಸ್ವಿಟ್ಜರ್ಲೆಂಡ್ ಈಗಾಗಲೇ ಕೇರಳಕ್ಕೆ ಬಂದಿದೆ ಎಂಬುದನ್ನೂ ನೆನಪಿಸುತ್ತೇನೆ. ಮುನ್ನಾರ್ ಬಳಿಯ ಮಾಟ್ಟುಪ್ಪೆಟ್ಟಿಯಲ್ಲಿ 1963ರಲ್ಲಿ ಸ್ವಿಸ್ ಸರ್ಕಾರದ ನೆರವಿನಿಂದ ದನಗಳ ತಳಿ ಸುಧಾರಣೆಯ ಯೋಜನೆ ಪ್ರಾರಂಭವಾಯಿತು. ಬ್ರೌನ್ ಸ್ವಿಸ್ ಹೋರಿಗಳನ್ನು ಊರಿನ ಹಸುಗಳೊಂದಿಗೆ ಕೂಡಿಸಿ ಸುನಂದಿನಿ ಎಂಬ ತಳಿಯನ್ನು ಪಡೆದರು. ಹಾಲು ಹೆಚ್ಚಿತು, ಬಡ ಮನೆಗಳಿಗೆ ಆದಾಯ ಬಂತು. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ನಾನು ದಿನಾ ಕುಡಿಯುವ ಚಹಾದಲ್ಲೂ ಅದರ ಪಾಲಿದೆ. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. 1961ರ ಕಾನೂನಿನಂತೆ ಪರವಾನಗಿಯಿಲ್ಲದ ನಾಡ ಹೋರಿಗಳ ಬೀಜ ಒಡೆಸುವುದು ಕಡ್ಡಾಯವಾಗಿತ್ತು. ವೈಕಂ ಬಳಿಯ ವೆಚ್ಚೂರಿನ ಪುಟ್ಟ ಹಸು, ಜಗತ್ತಿನಲ್ಲೇ ಅತ್ಯಂತ ಗಿಡ್ಡ ತಳಿಯೆಂದು ಹೆಸರಾದದ್ದು, ಹೀಗೆ ಇಲ್ಲವಾಗುವ ಸ್ಥಿತಿಗೆ ಬಂತು. 1989ರಲ್ಲಿ ತ್ರಿಶೂರಿನ ಮಣ್ಣುತ್ತಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಹಳ್ಳಿ ಹಳ್ಳಿ ಅಲೆದು ಉಳಿದಿದ್ದ ಕೆಲವು ಹಸುಗಳನ್ನು ಹುಡುಕಿ ತಂದು ಆ ತಳಿಯನ್ನು ಉಳಿಸಿದರು. 2022ರಲ್ಲಿ ಆಕೆಗೆ ಪದ್ಮಶ್ರೀ ಬಂತು.

ಪರದೇಶದ ಒಳ್ಳೆಯದನ್ನು ತರುವುದರಲ್ಲಿ ತಪ್ಪೇನೂ ಇರಲಿಲ್ಲ. ಅದು ಬಂದ ಸಂತೋಷದಲ್ಲಿ ನಮ್ಮ ಕೊಟ್ಟಿಗೆಯಲ್ಲಿದ್ದುದನ್ನು ಕೀಳೆಂದು ಬಗೆದದ್ದು ತಪ್ಪಾಯಿತು. ಊಟಕ್ಕೂ ಇದೇ ನಿಯಮ. ಒಂದು ತಲೆಮಾರು ನಾಚಿಕೊಂಡರೆ ಸಾಕು, ಮುಂದಿನ ತಲೆಮಾರಿಗೆ ಮಾಡಲು ಬರುವುದಿಲ್ಲ, ಅದರ ಮುಂದಿನದಕ್ಕೆ ಹೆಸರೂ ಗೊತ್ತಿರುವುದಿಲ್ಲ. ಹುಡುಕಿ ತರಲು ಎಲ್ಲ ಊಟಕ್ಕೂ ಒಬ್ಬ ಶೋಶಮ್ಮ ಸಿಗುವುದಿಲ್ಲ.

ಬೇರೆಯವರ ತಪ್ಪನ್ನಷ್ಟೇ ಹೇಳಿ ಮುಗಿಸಿದರೆ ನ್ಯಾಯವಲ್ಲ. ನಾಚಿಕೊಂಡವರಲ್ಲಿ ನಾನೇ ಮೊದಲಿಗ. ಅಂಬಲಮುಗಳಿನಲ್ಲಿ 1966ರಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ, 1973ರಲ್ಲಿ ರಸಗೊಬ್ಬರ ಕಾರ್ಖಾನೆ ಆರಂಭವಾದ ಮೇಲೆ ನಾನಾ ಕಡೆಯ ಜನ ಬಂದು ನೆಲೆಸಿದರು. ಅವರ ಹಿಂದೆ 1985ರಲ್ಲಿ ಬಂದವನು ನಾನು. ಅಪ್ಪ ತೀರಿಕೊಂಡ ಮೇಲೆ ಮಂಡ್ಯದ ಕಡೆಯ ಹಳ್ಳಿಯಿಂದ ಅವ್ವನೂ ಬಂದಳು. ಬರುವಾಗ ಒಂದು ಚೀಲ ರಾಗಿ ಹಿಟ್ಟು, ಮುದ್ದೆ ಕೋಲು ತಂದಿದ್ದಳು. ಒಂದು ಭಾನುವಾರ ನನ್ನ ಮೇಲಧಿಕಾರಿ ಸಂಸಾರ ಸಮೇತ ಊಟಕ್ಕೆ ಬಂದರು. ಹೊರಗೆ ಪೂರಿ, ಸಾಗು, ಜಾಮೂನು ಬಡಿಸಿದೆವು. ಅವ್ವ ತನ್ನ ಮುದ್ದೆಯ ತಟ್ಟೆ ಹಿಡಿದು ಎಲ್ಲರೊಂದಿಗೆ ಕೂರಲು ಬಂದಾಗ ನಾನು ಕಣ್ಸನ್ನೆ ಮಾಡಿ ಒಳಗೆ ಕಳಿಸಿದೆ. ಅಡುಗೆಮನೆಯ ಬಾಗಿಲು ಎಳೆದುಕೊಂಡು ಒಬ್ಬಳೇ ಉಂಡಳು. ಅವರು ಹೋದ ಮೇಲೆ, "ಯಾಕ್ಲಾ ಮಗ, ನಾವ್ ಉಣ್ಣೋದು ಅಷ್ಟೊಂದು ನಾಚ್ಕೆ ಪಡೋ ಅಂತಾದಾ?" ಎಂದಳು. ಉತ್ತರ ಹೇಳಲಿಲ್ಲ ನಾನು. ಆ ಮುದ್ದೆಯಿಂದಲೇ ನನ್ನನ್ನು ಬೆಳೆಸಿ ಓದಿಸಿದ್ದಳು.

ಆಮೇಲೊಂದು ದಿನ ಹಿತ್ತಲ ಬಾಗಿಲಿನಿಂದ ಬಂದ ಪಕ್ಕದ ಮನೆಯ ಚೇಚಿ ಅವ್ವ ಉಣ್ಣುವುದನ್ನು ಕಂಡರು. "ಇದು ಪಂಞಪ್ಪುಲ್ಲ್ ಅಲ್ಲವೇ, ನಾವು ಎಳೆ ಮಕ್ಕಳಿಗೆ ಕುರುಕ್ಕು ಮಾಡಿ ಕೊಡುತ್ತೇವೆ" ಎಂದು ತಮ್ಮ ಭಾಷೆಯಲ್ಲಿ ಹೇಳಿ, ಒಂದು ಮುದ್ದೆ ಕೇಳಿ ತೆಗೆದುಕೊಂಡು ಹೋಗಿ ಮೀನಿನ ಸಾರಿನಲ್ಲಿ ಉಂಡರು. ಕನ್ನಡ ಬಾರದ ಆ ಚೇಚಿಯೂ ಮಲಯಾಳಂ ಬಾರದ ಅವ್ವನೂ ಅಂದಿನಿಂದ ಗೆಳತಿಯರಾದರು. ಅವ್ವನಿಗೆ ನಾನು ಕೊಡದ ಮರ್ಯಾದೆಯನ್ನು ಆಕೆ ಕೊಟ್ಟರು. ಅವ್ವ ಈಗಿಲ್ಲ. ಕೋಲು ಇದೆ. ಸಭೆಯಲ್ಲಿ ಎಲ್ಲರೊಂದಿಗೆ ನಾನೂ ನಕ್ಕೆನೆಂದು ಮೇಲೆ ಬರೆದೆನಲ್ಲ, ಅಂದು ರಾತ್ರಿ ನಿದ್ದೆ ಬಾರದಿದ್ದುದಕ್ಕೆ ಕಾರಣ ಇದೇ.

ನನ್ನ ಸಲಹೆಗೆ ಬಂದ, ಬರಬಹುದಾದ ಆಕ್ಷೇಪಣೆಗಳಿಗೆ ಸಮಾಧಾನ ಹೇಳುತ್ತೇನೆ.

ಮುದ್ದೆ ನುಂಗಲು ಹೊಸಬರಿಗೆ ಬರುವುದಿಲ್ಲ ಎನ್ನುತ್ತಾರೆ. ಉದ್ದನೆಯ ಕಡ್ಡಿಯಿಂದ ಬ್ರೆಡ್ಡು ಅದ್ದಿ, ನೂಲಿನಂತೆ ಎಳೆಯುವ ಚೀಸನ್ನು ಬಾಯಿಗೆ ಹಾಕಿಕೊಳ್ಳುವುದೂ ಹೊಸಬರಿಗೆ ಬರುವುದಿಲ್ಲ. ಸ್ವಿಸ್ ಜನ ಅದನ್ನು ಕಲಿಸಿಕೊಡುತ್ತಾರೆ, ಬ್ರೆಡ್ಡು ಪಾತ್ರೆಯೊಳಗೆ ಬಿದ್ದರೆ ತಮಾಷೆಯ ದಂಡ ವಿಧಿಸಿ ನಗುತ್ತಾರೆ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದನ್ನು ನಾವೂ ಹಾಗೆಯೇ ನಗುನಗುತ್ತಾ ಕಲಿಸೋಣ.

ಮುನ್ನೂರು ಜನಕ್ಕೆ ಮುದ್ದೆ ಕಟ್ಟುವವರು ಯಾರು ಎನ್ನುತ್ತಾರೆ. ಹಳೆ ಮೈಸೂರಿನ ಕಡೆಯ ಬೀಗರೂಟಗಳಲ್ಲಿ ಸಾವಿರ ಜನಕ್ಕೆ ಕಟ್ಟುತ್ತಾರೆ; ಒಬ್ಬ ಅಡುಗೆಯವನನ್ನು ಅಲ್ಲಿಂದ ಕರೆಸುವ ಖರ್ಚು, ತರಿಸಲಿರುವ ಚೀಸಿನ ಬೆಲೆಗಿಂತ ಹೆಚ್ಚಾಗಲಾರದು.

ಮುದ್ದೆಯನ್ನು ಹಾಗೆಯೇ ಕೊಡುವ ಬದಲು ರಾಗಿ ಪಾಸ್ತಾ, ರಾಗಿ ಪಿಜ್ಜಾ ಮಾಡಿದರೆ ಮಕ್ಕಳು ತಿಂದಾರು ಎಂದು ಒಬ್ಬ ತಾಯಿ ಹೇಳಿದರು. ಮಾಡಲಿ. ಸ್ವಿಟ್ಜರ್ಲೆಂಡಿನಲ್ಲಿ 1952ರಿಂದ ರೀ ಕಾಸಿಮಿರ್ ಎಂಬುದೊಂದು ಊಟವಿದೆ. ಅನ್ನ, ಮಾಂಸ, ಕೆನೆ ಬೆರೆಸಿದ ಕರ್ರಿ ಪುಡಿಯ ಸಾರು, ಮೇಲೆ ಬಾಳೆಹಣ್ಣು, ಅನಾನಸು, ಚೆರ್ರಿ! ಕಾಶ್ಮೀರದ ನೆನಪಿನಲ್ಲಿ ಅಲ್ಲಿಯ ಹೋಟೆಲಿನವರು ಕಟ್ಟಿದ್ದು. ಸ್ವಿಸ್ ಮಕ್ಕಳು ಸಂತೋಷದಿಂದ ತಿನ್ನುತ್ತಾರೆ. ಕಾಶ್ಮೀರದವರು ಕಂಡರೆ ಗುರುತು ಹಿಡಿಯಲಾರರು. ಅಂಥದ್ದು ಇರುವುದರಿಂದ ಹಾನಿಯಿಲ್ಲ. ಆದರೆ ಕಾಶ್ಮೀರದವರೇ ತಮ್ಮ ಅಡುಗೆ ಬಿಟ್ಟು ಅತಿಥಿಗಳಿಗೆ ಅದನ್ನು ಬಡಿಸತೊಡಗಿದರೆ ಹೇಗಿರುತ್ತದೆ? ಪಾಸ್ತಾದ ಪಕ್ಕದಲ್ಲಿ ಮುದ್ದೆಯೂ ಇರಲೇಬೇಕು.

ಹಳೆಯದನ್ನೇ ಹಿಡಿದುಕೊಂಡು ಕುಳಿತರೆ ಹೇಗೆ ಎಂಬುದು ಕೊನೆಯ ಆಕ್ಷೇಪಣೆ. ರಾಗಿಯ ಮಾನ ಅಪಮಾನದ ಪ್ರಶ್ನೆ ನಾನು ಎತ್ತಿದ್ದಲ್ಲ. ಕನಕದಾಸರು ಹದಿನಾರನೆಯ ಶತಮಾನದಲ್ಲಿಯೇ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಗೆ ಶ್ರೀರಾಮನಿಂದಲೇ ಜಯ ಕೊಡಿಸಿದ್ದಾರೆ. ವಿಶ್ವಸಂಸ್ಥೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ರಾಮನ ಸಭೆಯಲ್ಲೂ ವಿಶ್ವಸಂಸ್ಥೆಯ ಸಭೆಯಲ್ಲೂ ಗೆದ್ದ ಧಾನ್ಯಕ್ಕೆ ನಮ್ಮ ಸಂಘದ ಸಭೆಯಲ್ಲಿ ಮಾತ್ರ ಸೋಲಾಯಿತು!

ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಸ್ವಿಸ್ ಮೇಜು ಇರಲಿ. ಆದರೆ ಅದರ ಮೇಲೆ ದುಬಾರಿ ಚೀಸು, ಚಾಕೊಲೇಟುಗಳ ಬದಲು ರೋಷ್ಟಿ, ಪೊಲೆಂಟಾ, ಮ್ಯೂಸ್ಲಿ ಇಡಿ. ಮೂರೂ ಅಗ್ಗ, ಮೂರೂ ಸಸ್ಯಾಹಾರ, ಮೂರಕ್ಕೂ ಬೇಕಾದ ಸಾಮಾನು ಎರ್ನಾಕುಲದ ಬ್ರಾಡ್‌ವೇಯಲ್ಲಿ ಸಿಗುತ್ತದೆ. ರೋಷ್ಟಿಯ ಪಕ್ಕದಲ್ಲಿ ಅಕ್ಕಿರೊಟ್ಟಿ, ಜೋಳದ ರೊಟ್ಟಿ ಇರಲಿ. ಪೊಲೆಂಟಾದ ಪಕ್ಕದಲ್ಲಿ ಮುದ್ದೆ ಇರಲಿ. ಮ್ಯೂಸ್ಲಿಯ ಪಕ್ಕದಲ್ಲಿ ರಾಗಿ ಅಂಬಲಿ ಇರಲಿ. ಪ್ರತಿಯೊಂದರ ಮುಂದೆಯೂ ಅದು ಯಾವ ಊರಿನದು, ಯಾರು ತಿನ್ನುತ್ತಿದ್ದರು ಎಂಬುದನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದಿಡಿ. ನಮ್ಮ ಮಕ್ಕಳು ಒಂದು ತುತ್ತು ಪೊಲೆಂಟಾ, ಒಂದು ತುತ್ತು ಮುದ್ದೆ ತಿಂದು ನೋಡಲಿ. ತಮ್ಮ ಅಜ್ಜಿ ಕಟ್ಟುತ್ತಿದ್ದುದು ಜಗತ್ತಿನ ಇನ್ನೊಂದು ಮೂಲೆಯ ಅಜ್ಜಿಯೂ ಹೆಮ್ಮೆಯಿಂದ ಮಾಡುವಂಥ ಊಟವೆಂದು ಅವರಿಗೆ ನಾವು ಉಪನ್ಯಾಸ ಮಾಡಿ ಹೇಳಬೇಕಾಗುವುದಿಲ್ಲ.

ಅಡುಗೆಯವರು ಸಿಕ್ಕಲಿಲ್ಲವೆಂಬ ನೆಪ ಹೇಳುವ ಹಾಗಿದ್ದರೆ, ಐವತ್ತು ಮುದ್ದೆಗಳನ್ನು ನಾನೇ ಕಟ್ಟಿಕೊಡುತ್ತೇನೆ. ಅವ್ವನ ಕೋಲು ತೆಗೆದುಕೊಂಡು ಅಂಬಲಮುಗಳಿನಿಂದ ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆ. ಒಂದೇ ಷರತ್ತು: ಆ ಮುದ್ದೆಗಳನ್ನು ಒಳಗೆ, ಬಾಗಿಲ ಹಿಂದೆ ಇಡಕೂಡದು. ಹೊರಗೆ, ಅತಿಥಿಗಳ ಎದುರಿಗೆ ಬಡಿಸಬೇಕು.